ಹಿಟ್ಟಿನ ಮೂಗು

ಗಡ್ಡ ಅರ್ಧ ಕೆರೆದುಕೊಂಡಿದ್ದಾಗ ರೇವಪ್ಪನ ಫೋನು ಬಂತು. ದನಿ ಕೊಡದೊಳಗಿನಿಂದ ಬಂದಂತಿತ್ತು. “ಸರ್, ಮಂಗನಬಾವು ಆಗೇತ್ರಿ. ಎರಡೂ ಗಲ್ಲ ಉಬ್ಯಾವ್ರಿ. ಡಾಕ್ಟರು ಮಾತಾಡಬ್ಯಾಡ ಅಂದಾರ್ರಿ,” ಎನ್ನುತ್ತ ಅವನು ಮಾತಾಡುತ್ತಲೇ ಹೋದ. ಅಜರುದ್ದೀನ ಸಾಬೂನು ಹಚ್ಚಿದ ಅರ್ಧ ಮುಖವನ್ನು ಕನ್ನಡಿಯಲ್ಲಿ ನೋಡುತ್ತ ನಿಂತ. ವಿಜಯಪುರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಅವನು ಬರೆದು ಕಲಿಸಿದ ನಾಟಕ ಅಂದು ಸಂಜೆ ನಿಡೋಣಿಯಲ್ಲಿತ್ತು, ಹುಡುಗರ ಎನ್ನೆಸ್ಸೆಸ್ ಶಿಬಿರದ ಮುಕ್ತಾಯಕ್ಕೆ. ಅದರಲ್ಲಿ ಬಡ್ಡಿಗೆ ಸಾಲ ಕೊಡುವ ಯಹೂದಿ ಸಾವಕಾರನ ಪಾತ್ರ ರೇವಪ್ಪನದು. ಆ ಪಾತ್ರದ ಮಾತು ಬಾಯಿಪಾಠ ಇದ್ದದ್ದು ಜಗತ್ತಿನಲ್ಲಿ ಇಬ್ಬರಿಗೇ, ರೇವಪ್ಪನಿಗೆ ಮತ್ತು ಬರೆದವನಿಗೆ. “ನೀವ ಮಾಡ್ರಿ ಸರ್. ನಿಮಗ ಚೊಲೋ ಒಪ್ಪತೈತ್ರಿ,” ಎಂದು ರೇವಪ್ಪ ಫೋನು ಇಟ್ಟ. ಹುಡುಗ ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದ. ಆದರೆ ಅಜರುದ್ದೀನನ ಮನಸ್ಸು ಅಂಥ ಮಾತನ್ನು ಕೇಳಿ ಹಾಗೇ ಬಿಡುವಂಥದಲ್ಲ. ಒಪ್ಪತೈತಿ ಅಂದರೆ ಏನು ಒಪ್ಪುತ್ತದೆ? ಮೂಗೇ? ಗಡ್ಡವೇ? ಹೆಸರೇ? ಎಂದು ಅದು ಶುರುಮಾಡಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮನೆಯೊಡೆಯ ಪ್ರೀತಿಯಿಂದ ಬೆನ್ನು ತಟ್ಟಿ, “ನೀವು ಅವರಂಗ ಕಾಣಂಗೇ ಇಲ್ಲ ನೋಡ್ರಿ ಸರ್,” ಎಂದಿದ್ದ. ಮನೆ ಮಾತ್ರ ಕೊಟ್ಟಿರಲಿಲ್ಲ. ಕಂಡರೂ ಕಷ್ಟ, ಕಾಣದಿದ್ದರೂ ಕಷ್ಟ. ಕನ್ನಡಿಯಲ್ಲಿ ಮೂಗನ್ನು ಎಡಕ್ಕೆ ತಿರುಗಿಸಿ ನೋಡಿದ, ಬಲಕ್ಕೆ ತಿರುಗಿಸಿ ನೋಡಿದ. ಮೂಗು ಮೂಗಿನಂತೆಯೇ ಇತ್ತು. ಉಳಿದರ್ಧ ಗಡ್ಡ ಕೆರೆದು ಮುಖ ತೊಳೆದುಕೊಂಡ.

ಅವನು ವರ್ಷಗಟ್ಟಲೆ ಓದಿ ಕಣ್ಣು ಕೆಡಿಸಿಕೊಂಡದ್ದು ನಾನೂರು ವರ್ಷ ಹಿಂದಿನ ಇಂಗ್ಲಿಷ್ ನಾಟಕಗಳ ಮೇಲೆ. ಅವುಗಳಲ್ಲಿ ಬರುವ ಯಹೂದಿ ಸಾವಕಾರನಿಗೆ ದೊಡ್ಡ ಮೂಗು, ಕೆಂಪು ಕೂದಲು, ಮನೆಯಲ್ಲಿ ಒಬ್ಬಳು ಚೆಂದದ ಮಗಳು. ಮಗಳು ಬೇರೆ ಧರ್ಮದವನನ್ನು ಪ್ರೀತಿಸುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಅಪ್ಪ ಎದೆ ಬಡಿದುಕೊಳ್ಳುತ್ತಾನೆ, ಜನ ನಗುತ್ತಾರೆ. ಹಾಗೆ ನಕ್ಕವರಲ್ಲಿ ಹೆಚ್ಚಿನವರು ಒಬ್ಬ ಯಹೂದಿಯ ಮುಖವನ್ನೂ ಕಂಡವರಲ್ಲ, ಯಾಕೆಂದರೆ ಆ ದೇಶದಿಂದ ಅವರನ್ನು ಹೊರಗೆ ಹಾಕಿ ಆಗಲೇ ಮುನ್ನೂರು ವರ್ಷವಾಗಿತ್ತು. ಕಾಣದವನನ್ನು ಕಂಡು ನಗುವುದು ಎಷ್ಟು ಸಲೀಸು ಎಂಬುದನ್ನು ಅಜರುದ್ದೀನ ದಪ್ಪ ಪ್ರಬಂಧದಲ್ಲಿ ಅಡಿಟಿಪ್ಪಣಿ ಸಮೇತ ಬರೆದಿದ್ದ. ಆದರೆ ಪ್ರಿನ್ಸಿಪಾಲರು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು. ನಾಟಕ ಆಡಿಸಲು ಒಪ್ಪಿಗೆ ಕೇಳಲು ಹೋದಾಗ, “ಸಾವಕಾರ ಯಾವ ಜಾತಿಯಾಂವ ಮಾಡೀರಿ?” ಎಂದು ಮೊದಲು ಕೇಳಿದರು. ಯಹೂದಿ ಎಂದು ಹೇಳಿದ್ದೇ ಮುಖ ಅರಳಿತು. “ಭಾಳ ಚೊಲೋ ಆತು. ನಮ್ಮ ಜಿಲ್ಲಾದಾಗ ಒಬ್ಬಾಂವನೂ ಇಲ್ಲ. ಯಾರಿಗೂ ನೋವಾಗಂಗಿಲ್ಲ.” ಅಜರುದ್ದೀನ ಅವರ ಕೋಣೆಯಲ್ಲೇ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿ ಹೊರಗೆ ಬಂದಿದ್ದ.

ನಗುವುದನ್ನು ಅವನಿಗೆ ಕಲಿಸಿದವಳು ನಿರ್ಮಲಾ. ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ಕಾಖಂಡಕಿಯ ಯಲಗೂರಪ್ಪನ ಒಬ್ಬಳೇ ಮಗಳು. ಸ್ಟಾಫ್ ರೂಮಿನಲ್ಲಿ ಅವಳು ನಕ್ಕರೆ ಮೂರನೆಯ ಕ್ಲಾಸಿನ ತನಕ ಕೇಳುತ್ತದೆ. ಆ ನಗುವಿನ ಹಿಂದೆ ಹೋಗಿ ಅಜರುದ್ದೀನ ಸಿಕ್ಕಿಕೊಂಡಿದ್ದ, ಅವಳೂ ಸಿಕ್ಕಿಕೊಂಡಿದ್ದಳು, ಇಬ್ಬರಿಗೂ ಬಿಡಿಸಿಕೊಳ್ಳುವ ಆಸೆ ಇರಲಿಲ್ಲ. ರಿಜಿಸ್ಟರ್ ಆಫೀಸಿಗೆ ಹೋಗಿ ಮದುವೆ ಮಾಡಿಕೊಂಡು ಬರೋಣ, ಆಮೇಲೆ ನೋಡಿದರಾಯಿತು ಎಂದು ಅವನು ಒಮ್ಮೆ ಸಿಟ್ಟಿನಲ್ಲಿ ಅಂದಾಗ ಅವಳು, “ಅಪ್ಪ ಹೂಂ ಅನ್ನೂತನಕಾ ಇಲ್ಲ. ಓಡಿಹೋಗಾಕ ನಾ ಏನ ನಿನ್ನ ಇಂಗ್ಲಿಷ್ ನಾಟಕದ ಹುಡುಗಿ ಅಲ್ಲ,” ಎಂದಿದ್ದಳು. ಅಪ್ಪ ಹೂಂ ಅನ್ನಲಿಲ್ಲ. ದೀಪಾವಳಿಯಲ್ಲಿ ಸುದ್ದಿ ತಿಳಿದಾಗಿನಿಂದ ಮಗಳ ಜೊತೆ ಮಾತನ್ನೇ ಬಿಟ್ಟಿದ್ದ. ಬಿಟ್ಟಿದ್ದ ಎಂದರೆ ಪೂರ್ತಿ ಬಿಟ್ಟಿರಲಿಲ್ಲ: ದಿನಾ ಸಂಜೆ ಫೋನು ಮಾಡುತ್ತಿದ್ದ, “ಉಂಡಿ ಏನವ್ವಾ?” ಎಂದು ಕೇಳುತ್ತಿದ್ದ, ಅವಳು “ಉಂಡೀನಪ್ಪಾ” ಎಂದದ್ದೇ ಕಟ್ ಮಾಡುತ್ತಿದ್ದ. ಅವಳು ಇನ್ನೂ ಒಲೆ ಹಚ್ಚಿರಲಿ ಬಿಟ್ಟಿರಲಿ, ಉಂಡೀನಪ್ಪಾ ಎನ್ನುತ್ತಿದ್ದಳು. ಇಲ್ಲ ಎಂದರೆ ಮುದುಕ ಊಟ ಬಿಡುತ್ತಾನೆ. ಇದನ್ನು ಅಜರುದ್ದೀನನಿಗೆ ಹೇಳುವಾಗ ಅವಳು ಅಪ್ಪನ ದನಿ ತೆಗೆದು ಅಣಕಿಸುತ್ತಿದ್ದಳು, ನಗುತ್ತಿದ್ದಳು, ನಗುತ್ತ ನಗುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು.

ಅಂದು ಬೆಳಿಗ್ಗೆ ರೇವಪ್ಪನ ಸುದ್ದಿ ಹೇಳಲು ಅವಳಿಗೆ ಫೋನು ಮಾಡಿದರೆ ಅವಳೇ ಮೊದಲು ಶುರುಮಾಡಿದಳು. “ಏ ಕೇಳಿಲ್ಲೆ. ಅಪ್ಪ ನಾಟಕ ನೋಡಾಕ ಬರಾಕತ್ತಾನಂತ. ಬಣ್ಣದ ಬಸಲಿಂಗಯ್ಯ ಕಾಖಂಡಕಿಗಿ ಹೋಗಿ ಹೇಳಿ ಬಂದಾನ. ನಾಟಕ ಅಂದ್ರ ಅಪ್ಪ ಜ್ವರದಾಗೂ ಎದ್ದ ಬರಾಂವ.” “ನಿರ್ಮಲಾ, ಪಾರ್ಟ್ ನಾ ಮಾಡಬೇಕಾಗೇತಿ,” ಎಂದ ಅಜರುದ್ದೀನ. “ಯಾವ ಪಾರ್ಟ್?” “ಯಹೂದಿದು.” ಆ ಕಡೆಯಿಂದ ಮೂರನೆಯ ಕ್ಲಾಸಿಗೆ ಕೇಳುವ ನಗು. “ಮಗಳ್ನ ಕಳಕೊಂಡ ಅಪ್ಪನ ಪಾರ್ಟ್! ಅದೂ ನಮ್ಮಪ್ಪನ ಮುಂದ! ದೇವರು ನಿನ್ನಕಿಂತ ಚೊಲೋ ನಾಟಕ ಬರೀತಾನ ಬಿಡು.” ಅವಳು ನಕ್ಕದ್ದು ಹೆದರಿಕೆಗೆ ಎಂದು ಅವನಿಗೆ ಗೊತ್ತಾಯಿತು. ನಾಟಕ ಬಿಟ್ಟುಬಿಡೋಣವೇ ಎಂದು ಕೇಳಿದ. “ಹುಡುಗೂರು ಒಂದ ತಿಂಗಳಿಂದ ಒದ್ದಾಡ್ಯಾವ. ಬಿಟ್ರ ನಿನ್ನ ಕೊಲ್ಲತಾವ. ಅಪ್ಪ ಬರೇ ಬೈತಾನ,” ಎಂದಳು.

ರೇವಪ್ಪ ಸಣ್ಣ ಹುಡುಗ, ಅವನ ಕರಿ ನಿಲುವಂಗಿ ಅಜರುದ್ದೀನನಿಗೆ ಮೊಣಕೈಗೇ ನಿಲ್ಲುತ್ತಿತ್ತು. ಆದ್ದರಿಂದ ಬೈಕು ಹತ್ತಿ ಮೊದಲು ಟಿಕೋಟಾಕ್ಕೆ ಹೋದ, ಅವ್ವನ ಹತ್ತಿರ ಅಪ್ಪನ ಶೇರವಾನಿ ಕೇಳಲು. ದಾರಿಯುದ್ದಕ್ಕೂ ದ್ರಾಕ್ಷಿ ಒಣಗಿಸುವ ಶೆಡ್ಡುಗಳು, ಗಾಳಿಗೆಲ್ಲ ಸಿಹಿ ಹುಳಿ ವಾಸನೆ. ಅವ್ವ ಇಮಾಮಬಿ ಅಂಗಳದಲ್ಲಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ಸಿಟ್ಟು ಬಂದರೆ ಅವಳು ಮನೆಯ ಉರ್ದುವಿನಲ್ಲಿ ಬೈಯುತ್ತಾಳೆ, ಮುದ್ದು ಬಂದರೆ ಕನ್ನಡಕ್ಕೆ ಬರುತ್ತಾಳೆ. ಶೇರವಾನಿ ನಾಟಕಕ್ಕೆ ಎಂದು ಕೇಳಿ ಮೊದಲು ಉರ್ದುವಿನಲ್ಲಿ ಒಂದಷ್ಟು ಆಯಿತು. ಅವಳ ಗಂಡ ನಿಕಾಹದ ದಿನ ಹಾಕಿಕೊಂಡಿದ್ದ ಅಂಗಿ ಅದು, ಮಗನ ನಿಕಾಹಕ್ಕೆಂದು ಡಾಂಬರಗುಳಿಗೆ ಹಾಕಿ ಇಟ್ಟದ್ದು. “ಮದಿವಿಗಿ ಅಂತ ಕಾದು ಇಟ್ಟೇನಿ, ನೀ ಬಣ್ಣಾ ಹಚ್ಚಗೊಂಡು ಕುಣಿಯಾಕ ಒಯ್ತಿ? ಮದಿವಿ ಯಾವಾಗ ಮಾಡಕೊಂತಿ ಅದನ್ನ ಹೇಳು.” ನಿರ್ಮಲಾಳ ವಿಷಯ ಅವಳಿಗೆ ಗೊತ್ತಿತ್ತು. ಮೊದಲ ಸಲ ಕೇಳಿದಾಗ ಒಂದು ದಿನ ಮಾತು ಬಿಟ್ಟು, ಎರಡನೆಯ ದಿನ, “ಅಕಿಗಿ ರೊಟ್ಟಿ ಬಡಿಯಾಕ ಬರತೈತೇನ?” ಎಂದು ಕೇಳಿದ್ದಳು. ಬರುವುದಿಲ್ಲ ಎಂದಾಗ, “ಹಂಗಾರ ನಾ ಬಡೀತೇನಿ, ಅಕಿ ಸಾಲಿಗಿ ಹೋಗ್ಲಿ,” ಎಂದು ತೀರ್ಪು ಕೊಟ್ಟು ಮುಗಿಸಿದ್ದಳು. ಈಗ ಶೇರವಾನಿಯನ್ನು ಕೊಡವಿ ಅವನ ಭುಜಕ್ಕೆ ಹಿಡಿದು ನೋಡಿದಳು. ಸರಿಯಾಗಿ ಕೂಡುತ್ತಿತ್ತು. “ಬಣ್ಣಾ ಹತ್ತಿಸಿದಿ ಅಂದ್ರ ಮನಿಗಿ ಬರಬ್ಯಾಡ,” ಎಂದು ಕಿಸೆಗೆ ಒಂದು ಹಿಡಿ ಒಣದ್ರಾಕ್ಷಿ ಸುರಿದಳು.

ಟಿಕೋಟಾ ಬಿಟ್ಟು ಬಬಲೇಶ್ವರದ ಹಾದಿ ಹಿಡಿದ ಮೇಲೆ ಅವನಿಗೆ ಕಾಗದದ ಕಪ್ಪು ನೆನಪಾಯಿತು. ನೆನಪಾಗದೆ ಬಿಟ್ಟದ್ದೇ ಯಾವಾಗ? ದೀಪಾವಳಿಯ ಮರುದಿನ ಅವನು ಧೈರ್ಯ ಮಾಡಿ ಕಾಖಂಡಕಿಗೆ ಹೋಗಿದ್ದ. ಯಲಗೂರಪ್ಪ ಎದ್ದು ನಿಂತು ಬರ್ರಿ ಬರ್ರಿ ಎಂದ, ಕಂಬಳಿ ಹಾಸಿದ, ಮಳೆಯ ಮಾತಾಡಿದ, “ನಿಮ್ಮ ಕನ್ನಡ ಭಾಳ ಶುದ್ಧ ಐತ್ರಿ ಸರ್,” ಎಂದ. ಟಿಕೋಟಾದಲ್ಲಿ ಹುಟ್ಟಿ ಬೆಳೆದು ಕನ್ನಡ ಶುದ್ಧವಿರದೆ ಇನ್ನೇನು ಇರಬೇಕಿತ್ತು? ಆಮೇಲೆ ಚಹಾ ಬಂತು. ಪಕ್ಕದಲ್ಲಿ ಕೂತ ನೆರೆಯವನಿಗೆ ಕಪ್ಪು ಬಸಿಯಲ್ಲಿ, ಅವನಿಗೆ ಕಾಗದದ ಕಪ್ಪಿನಲ್ಲಿ. ಬಿಸಿಗೆ ಅದು ಬೆರಳ ನಡುವೆ ಮೆತ್ತಗಾಯಿತು. ಅವನು ಕುಡಿದ, ಖಾಲಿ ಕಪ್ಪನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡ. “ಆಗಂಗಿಲ್ರಿ ಸರ್, ತಪ್ಪ ತಿಳ್ಕೋಬ್ಯಾಡ್ರಿ,” ಎಂದು ಯಲಗೂರಪ್ಪ ಕೈ ಮುಗಿದ. ನಿರ್ಮಲಾ ಆಮೇಲೆ ಹೇಳಿದಳು, ಹೆಂಡತಿ ಸತ್ತಾಗಿನಿಂದ ಮನೆಯಲ್ಲಿ ಉಳಿದದ್ದು ಒಂದೇ ಕಪ್ಪು ಬಸಿಯಂತೆ, ಅದು ನೆರೆಯವನ ಕೈಗೆ ಮೊದಲೇ ಹೋಗಿತ್ತಂತೆ, ತೊಳೆಯಲು ಬೇಸರವಾಗಿ ಅಪ್ಪ ಬೀಗರಿಗೂ ಕಾಗದದ ಕಪ್ಪಿನಲ್ಲೇ ಕೊಡುತ್ತಾನಂತೆ. ಇರಬಹುದು. ಇರಲಿಕ್ಕಿಲ್ಲ. ನಾನೂರು ವರ್ಷದ ಹಿಂದಿನವರ ಮನಸ್ಸಿನಲ್ಲಿ ಏನಿತ್ತೆಂದು ಪುಟಗಟ್ಟಲೆ ಬರೆದವನಿಗೆ ಆ ಒಂದು ಕಪ್ಪಿನ ಅರ್ಥ ಇಂದಿಗೂ ತಿಳಿದಿರಲಿಲ್ಲ. ತಾನೇ ಆ ಮುದುಕನಿಗೆ ಒಂದು ಮೂಗು ಅಂಟಿಸಿ ನೋಡುತ್ತಿದ್ದೇನೋ ಏನೋ ಎಂಬ ಅನುಮಾನ ಬಂತು. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಕಿಸೆಯಿಂದ ದ್ರಾಕ್ಷಿ ತೆಗೆದು ಬಾಯಿಗೆ ಹಾಕಿಕೊಂಡ. ಹೊಲದ ತುಂಬ ಬಿಳಿ ಜೋಳ ಬಾಗಿ ನಿಂತಿತ್ತು, ಬಿಸಿಲು ಚೆನ್ನಾಗಿತ್ತು, ಯಾಕೋ ಗೊತ್ತಿಲ್ಲ, ಹೆದರಿಕೆಯ ಒಳಗಿನಿಂದಲೇ ಖುಷಿ ಏಳುತ್ತಿತ್ತು.

ನಿಡೋಣಿಯ ಶಾಲೆಯ ಒಂದು ಕೋಣೆಯಲ್ಲಿ ಬಸಲಿಂಗಯ್ಯ ಬಣ್ಣದ ಪೆಟ್ಟಿಗೆ ಬಿಚ್ಚಿ ಕೂತಿದ್ದ. ಸುತ್ತಿನ ಹಳ್ಳಿಗಳ ನಾಟಕಗಳಿಗೆಲ್ಲ ಬಣ್ಣವೂ ಅವನದೇ, ಮೈಕಿನಲ್ಲಿ ಕೂಗುವುದೂ ಅವನದೇ. ಅವನ ಹತ್ತಿರ ಒಂದೇ ಗಡ್ಡವಿತ್ತು. ಋಷಿಗೂ ಅದೇ, ಫಕೀರನಿಗೂ ಅದೇ, ಕಳ್ಳನಿಗೂ ಅದೇ. ಈಗ ಅದಕ್ಕೆ ಗೋರಂಟಿ ಹಚ್ಚಿ ಕೆಂಪು ಮಾಡಿಟ್ಟಿದ್ದ. ಜೊತೆಗೆ ಒದ್ದೆ ಅರಿವೆಯ ಕೆಳಗೆ ಮೈದಾ ಹಿಟ್ಟಿನಲ್ಲಿ ಮಾಡಿದ ಒಂದು ಮೂಗು. “ಮೂಗ ಬ್ಯಾಡ ಅಂತ ಹೇಳಿದ್ದೆನಲ್ರಿ,” ಎಂದ ಅಜರುದ್ದೀನ. ರೇವಪ್ಪನಿಗೂ ಮೂಗು ಹಚ್ಚಬಾರದೆಂದು ಅವನು ಮೊದಲೇ ತಾಕೀತು ಮಾಡಿದ್ದ, ಅದರ ಹಿಂದಿನ ಚರಿತ್ರೆಯನ್ನೆಲ್ಲ ಹೇಳಿದ್ದ. ಬಸಲಿಂಗಯ್ಯ ಎಲ್ಲವನ್ನೂ ಕೇಳಿಸಿಕೊಂಡು, “ಖರೇ ಐತ್ರಿ. ಆದ್ರ ಮೂಗ ಇಲ್ದ ಖಳನಾಯಕ ಅಂದ್ರ ಉಪ್ಪ ಇಲ್ದ ಝುಣಕ. ಅಲ್ರಿ ಸರ್, ಮೂಗ ಹಚ್ಚಿದ್ರ ಎಲ್ಲಾರೂ ನಗತಾರ. ಹಚ್ಚಲಿಲ್ಲ ಅಂದ್ರ ನಿಮ್ಮ ಖರೇ ಮೂಗ ನೋಡಿ ನಗತಾರ. ಯಾವದ ಚೊಲೋ?” ಎಂದ. ಈ ತರ್ಕಕ್ಕೆ ಪ್ರಬಂಧದಲ್ಲಿ ಉತ್ತರವಿರಲಿಲ್ಲ. ಇಷ್ಟು ದೊಡ್ಡ ಮೂಗಿನ ಹಿಂದೆ ಯಲಗೂರಪ್ಪ ತನ್ನ ಗುರುತು ಹಿಡಿಯಲಿಕ್ಕಿಲ್ಲ ಎಂಬ ಹೇಡಿ ಆಸೆಯೂ ಒಂದು ಬಂತು. ಮುಖ ಒಡ್ಡಿ ಕೂತ. ಹಿಟ್ಟು ತಣ್ಣಗೆ ಅಂಟಿಕೊಂಡಿತು.

ಗಡ್ಡ ಹಚ್ಚುತ್ತ ಬಸಲಿಂಗಯ್ಯ ಬುದ್ಧಿ ಹೇಳಿದ. “ಇನ್ನೊಂದ ಮಾತು. ನಾಟಕದಾಗ ಹುಡುಗೂರಿಗಿ ಆಯೇರಿ ಬರತಾವ. ನಿಮಗ ಬರಂಗಿಲ್ಲ, ಆಸೆ ಇಟ್ಕೋಬ್ಯಾಡ್ರಿ. ಖಳನಾಯಕಗ ಆಯೇರಿ ಮಾಡಿದ್ದನ್ನ ನನ್ನ ಜೀವಮಾನದಾಗ ಕಂಡಿಲ್ಲ.” ಆಯೇರಿ ಅಜರುದ್ದೀನನಿಗೂ ಗೊತ್ತಿತ್ತು. ಮದುವೆಯಲ್ಲಿ ಬೀಗರು ಬೀಗರಿಗೆ ಬಟ್ಟೆ ಕೊಟ್ಟು ಮಾಡುವ ಮರ್ಯಾದೆ ಅದು. ಈ ಸೀಮೆಯಲ್ಲಿ ನಾಟಕದ ನಡುವೆಯೂ ಮೆಚ್ಚಿದವರು ರಂಗಕ್ಕೆ ಏರಿ ಪಾತ್ರಧಾರಿಗೆ ಟಾವೆಲ್ಲೋ ಟೊಪ್ಪಿಗೆಯೋ ಹಾಕುತ್ತಾರೆ. ಆಗ ನಾಟಕ ಇದ್ದಲ್ಲೇ ನಿಲ್ಲುತ್ತದೆ. ಕತ್ತಿ ಎತ್ತಿದವನು ಕತ್ತಿ ಎತ್ತಿಕೊಂಡೇ, ಅಳುವವನು ಅಳುಮುಖದಲ್ಲೇ ನಿಲ್ಲಬೇಕು, ನಗಬಾರದು, ಮಾತಾಡಬಾರದು. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿದ ಮೇಲೆ ಕತ್ತಿ ಕೆಳಗೆ ಬರುತ್ತದೆ. “ಯಲಗೂರಪ್ಪ ಹೀರೋ ಪಾರ್ಟ್ ಮಾಡೂ ಮುಂದ ಟಾವೆಲ್ ಹೊರಾಕ ಒಬ್ಬ ಆಳ ಬೇಕಾಗತಿತ್ರಿ,” ಎಂದು ಬಸಲಿಂಗಯ್ಯ ತನ್ನ ಹಳೆಯ ಗೆಳೆಯನನ್ನು ಹೊಗಳಿದ. “ಈಗ ಮುಂದಿನ ಸಾಲಿನ್ಯಾಗ ಕುಂತಾನ ನೋಡ್ರಿ, ಕೈ ಕಟಗೊಂಡು.”

ಪರದೆಯ ಸಂದಿಯಿಂದ ಅಜರುದ್ದೀನ ನೋಡಿದ. ಹೌದು, ತಲೆಗೆ ಸುತ್ತಿದ ಬಿಳಿ ರುಮಾಲು, ದಪ್ಪ ಮೀಸೆ, ಕಟ್ಟಿದ ಕೈ. ಸೂರ್ಯ ಇನ್ನೂ ಬೇವಿನ ಗಿಡದ ಮೇಲೆಯೇ ಇದ್ದ. ನಾಟಕ ಶುರುವಾಯಿತು. ಮೊದಲ ದೃಶ್ಯದಲ್ಲಿ ಊರ ವ್ಯಾಪಾರಿಗಳು ಯಹೂದಿಯ ಮೇಲೆ ಉಗುಳಬೇಕು. ರೇವಪ್ಪನ ಮೇಲೆ ತಿಂಗಳಿಡೀ ಉತ್ಸಾಹದಿಂದ ಉಗುಳಿದ ಹುಡುಗರು ಇಂದು ಬಾಯಿ ಒಣಗಿಸಿಕೊಂಡು ನಿಂತರು. ಒಬ್ಬನಂತೂ ಹತ್ತಿರ ಬಂದು, “ಸರ್, ನಿಮ್ಮ ಮ್ಯಾಲ ಹೆಂಗ ಉಗಳೂದ್ರಿ? ಇಂಟರ್ನಲ್ ಮಾರ್ಕ್ಸ್ ಅದಾವ್ರಿ,” ಎಂದು ಪಿಸುಗುಟ್ಟಿದ, ಅದು ಮೈಕಿಗೆ ಸಿಕ್ಕು ಊರಿಗೆಲ್ಲ ಕೇಳಿತು. ಜನ ಹೊಟ್ಟೆ ಹಿಡಿದು ನಕ್ಕರು. “ಉಗಳಲೇ, ಪೂರಾ ಮಾರ್ಕ್ಸ್ ಕೊಡತೇನಿ!” ಎಂದು ಅಜರುದ್ದೀನ ಯಹೂದಿಯ ದನಿಯಲ್ಲೇ ಗದರಿದ, ಇನ್ನೊಮ್ಮೆ ನಗು ಎದ್ದಿತು. ಅವನಿಗೆ ಅಚ್ಚರಿ. ಇಷ್ಟು ವರ್ಷ ಆ ನಗುವಿನ ಕ್ರೌರ್ಯದ ಮೇಲೆ ಬರೆದವನಿಗೆ ಅದು ಎದುರಿನಿಂದ ಬಂದು ಮೈಗೆ ತಾಗಿದಾಗ ಎಷ್ಟು ಬೆಚ್ಚಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅವನು ಕೈ ಉಜ್ಜಿದ, ಗಡ್ಡ ನೀವಿದ, ಮೂಗೆತ್ತಿ ವ್ಯಾಪಾರಿಗಳನ್ನು ಹೆದರಿಸಿದ. ಮುಂದಿನ ಸಾಲಿನ ಮಕ್ಕಳು ಕಿರುಚಿ ಹಿಂದಕ್ಕೆ ಸರಿದವು. ಇದರಲ್ಲಿ ಸುಖವಿದೆ ಎಂದು ಗೊತ್ತಾಗಿ ಅವನಿಗೆ ನಾಚಿಕೆಯೂ ಆಯಿತು, ನಾಚಿಕೆಯನ್ನು ಮೀರಿ ಮಜವೂ ಬಂತು. ಯಲಗೂರಪ್ಪ ಮಾತ್ರ ನಗಲಿಲ್ಲ, ಕಟ್ಟಿದ ಕೈ ಬಿಚ್ಚಲಿಲ್ಲ.

ಆಮೇಲೆ ಮಗಳ ದೃಶ್ಯ. ಸಾವಕಾರ ಬೇರೆ ಊರಿಗೆ ಹೋದಾಗ ಮಗಳು ಕಿಟಕಿಯಿಂದ ಇಳಿದು ಪ್ರೀತಿಸಿದವನ ಜೊತೆ ಹೋಗುತ್ತಾಳೆ. ಹುಡುಗಿ ಇಳಿಯುವಾಗ ಹಿಂದಿನ ಸಾಲುಗಳಿಂದ ಸಿಳ್ಳೆ ಬಿತ್ತು. ಹುಡುಗನಿಗೆ ಊರಿನವರೊಬ್ಬರು ಟಾವೆಲ್ ಆಯೇರಿ ಮಾಡಿದರು. ಅವನು ಒಂದು ಕಾಲು ಕಿಟಕಿಯಲ್ಲಿಟ್ಟು, ಮಗಳು ಅವನ ಹೆಗಲು ಹಿಡಿದು, ಇಬ್ಬರೂ ಮರದಂತೆ ನಿಂತರು. ಪರದೆಯ ಹಿಂದೆ ನಿಂತ ಅಜರುದ್ದೀನನಿಗೆ ಬೆವರು ಇಳಿಯುತ್ತಿತ್ತು. ಯಲಗೂರಪ್ಪನ ಮುಖ ಸಂದಿಯಲ್ಲಿ ಕಾಣುತ್ತಿತ್ತು. ಸಿಳ್ಳೆಯ ನಡುವೆ ಅದು ನೆಲ ನೋಡುತ್ತಿತ್ತು. ಮುದುಕ ಎದ್ದುಹೋದರೆ? ಎದ್ದುಹೋದರೆ ಎಲ್ಲ ಮುಗಿಯಿತು. ನಾಟಕ ಬರೆದವನು ಯಾಕೆ ಬರೆದನೆಂದು ಯಾರು ಕೇಳುತ್ತಾರೆ, ಮಗಳನ್ನು ಎಗರಿಸಿದವನಿಗೆ ಚಪ್ಪಾಳೆ ಹೊಡೆಸಿದ ಎಂದೇ ಆಗುತ್ತದೆ. ಅಷ್ಟರಲ್ಲಿ ಪ್ರಾಂಪ್ಟ್ ಮಾಡಲು ನಿಂತಿದ್ದ ನಿರ್ಮಲಾ ಹಿಂದಿನಿಂದ ತಿವಿದಳು. “ನಡಿ, ನಿಂದ ಐತಿ.”

ಬರೆದಂತೆ ಆಗಬೇಕಾದದ್ದು ಇಷ್ಟು: ಸಾವಕಾರ ಮನೆಗೆ ಬರುತ್ತಾನೆ, ಬಾಗಿಲು ತೆರೆದಿರುವುದನ್ನು ನೋಡುತ್ತಾನೆ, ಮೊದಲು ಪೆಟ್ಟಿಗೆಯ ಹತ್ತಿರ ಓಡಿ ಮುಚ್ಚಳ ತೆಗೆದು ಎದೆ ಬಡಿದುಕೊಳ್ಳುತ್ತಾನೆ, ಆಮೇಲೆ ಮಗಳು ನೆನಪಾಗುತ್ತಾಳೆ. ಹಳೆಯ ನಾಟಕಗಳಲ್ಲಿ ಜನ ನಗುತ್ತಿದ್ದದ್ದು ಇಂಥಲ್ಲೇ. ಕಡೆಯ ದೃಶ್ಯದಲ್ಲಿ ಆ ನಗುವಿಗೆ ತಾನೊಂದು ಮಾತಿನ ಪೆಟ್ಟು ಕೊಡುತ್ತೇನೆ ಎಂಬುದು ಅಜರುದ್ದೀನನ ಲೆಕ್ಕ. ಅವನು ಬಂದ, ಬಾಗಿಲು ನೋಡಿದ, ಓಡಿದ, ಪೆಟ್ಟಿಗೆಗೆ ಬಾಗಿದ. ಬೆವರಿಗೆ ಮೆತ್ತಗಾಗಿದ್ದ ಮೂಗು ಪಟ್ಟನೆ ಕಳಚಿ ರಂಗದ ಅಂಚಿಗೆ ಬಿತ್ತು. ಶಿಬಿರದ ಅನ್ನ ತಿಂದು ಅಲ್ಲೇ ಬೀಡುಬಿಟ್ಟಿದ್ದ ಒಂದು ಕೆಂದ ನಾಯಿ ಹಾರಿ ಅದನ್ನು ಕಚ್ಚಿಕೊಂಡು ಮಂದಿಯ ನಡುವೆ ಓಡಿತು. “ಏ ಮೂಗ ಹೋತೋ, ಸಾವಕಾರನ ಮೂಗ ಹೋತೋ!” ಎಂದು ಮಕ್ಕಳು ನಾಯಿಯ ಬೆನ್ನು ಹತ್ತಿದವು. ಅಷ್ಟು ನಗುವನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನಿಗೇ ನಗು ಬಂತು. ಬಂದ ನಗುವನ್ನು ಮರೆಮಾಡಲು ಜನರಿಗೆ ಬೆನ್ನು ಹಾಕಿ ತಿರುಗಿದ. ಎದುರಿಗೆ ಇದ್ದದ್ದು ಸಾವಕಾರನ ಮನೆ: ಒಂದು ಬೆಂಚು, ತೆರೆದ ಕಿಟಕಿ, ಹುಡುಗರು ತಂದಿಟ್ಟ ಒಂದು ಖಾಲಿ ತಾಟು.

ಮುಂದಿನ ಮಾತು ನೆನಪಿಗೆ ಬರಲಿಲ್ಲ. ತಾನೇ ಬರೆದ ಮಾತು. ತಾಟು ನೋಡಿದ, ಕಿಟಕಿ ನೋಡಿದ. ಈ ಮನೆಯಲ್ಲಿ ಈಗ ಯಾರೂ ಇಲ್ಲ ಎಂದು ಅನಿಸಿತು, ನಾಟಕದ್ದೆಂದಲ್ಲ, ಖರೇನೇ ಅನಿಸಿತು. ತನ್ನ ಅಪ್ಪ ತೀರಿಕೊಂಡ ವರ್ಷದ ಟಿಕೋಟಾದ ಅಂಗಳದಂತೆ, ಒಂದೇ ಕಪ್ಪು ಬಸಿ ಉಳಿದ ಕಾಖಂಡಕಿಯ ಅಡುಗೆಮನೆಯಂತೆ. ಪೆಟ್ಟಿಗೆ ಕಾಲಿಗೆ ತಗುಲಿತು, ಅದನ್ನು ಸರಿಸಿದ. “ಉಂಡಿ ಏನವ್ವಾ?” ಎಂದು ಕೇಳಿದ. ಆ ಮಾತು ಬಾಯಿಂದ ಬಿದ್ದ ಮೇಲೆಯೇ ಅದು ಯಾರದೆಂದು ಅವನಿಗೆ ಹೊಳೆದದ್ದು. ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ, “ಉಂಡಿ ಏನವ್ವಾ?” ಎಂದ. ಹಿಂದಿನ ಸಾಲಿನಲ್ಲಿ ಅಲ್ಲಲ್ಲಿ ಉಳಿದಿದ್ದ ನಗುವೂ ನಿಂತುಹೋಯಿತು. ನಾಯಿ ಎಲ್ಲೋ ದೂರದಲ್ಲಿ ಮೂಗು ತಿನ್ನುತ್ತಿರಬೇಕು, ಮಕ್ಕಳೂ ಸುಮ್ಮನಾಗಿದ್ದವು. 'ಪೆಟ್ಟಿಗಿ, ಪೆಟ್ಟಿಗಿ' ಎಂದು ಹೇಳಿಕೊಡಬೇಕಾದ ನಿರ್ಮಲಾ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಳಿಸಿ ಅವನನ್ನೇ ನೋಡುತ್ತಿದ್ದಳು. ಎಂಥ ಕಳ್ಳ ತಾನು ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅವಳು ಗುಟ್ಟಾಗಿ ಹೇಳಿಕೊಂಡದ್ದನ್ನು, ಒಬ್ಬ ಮುದುಕನ ಮನೆಯೊಳಗಿನ ಮಾತನ್ನು, ಕದ್ದು ತಂದು ಊರ ಮುಂದೆ ಇಟ್ಟಿದ್ದ. ಕಣ್ಣಿಂದ ನೀರು ಇಳಿದು ಗೋರಂಟಿ ಹಚ್ಚಿದ ಗಡ್ಡಕ್ಕೆ ಸೇರಿತು.

ಮುಂದಿನ ಸಾಲಿನಲ್ಲಿ ಯಲಗೂರಪ್ಪ ಎದ್ದು ನಿಂತ. ಹೋಗುತ್ತಾನೆ ಎಂದುಕೊಂಡ ಅಜರುದ್ದೀನ. ಹೋಗಲಿಲ್ಲ; ಧೋತರದ ಚುಂಗು ಹಿಡಿದು ರಂಗದ ಮೆಟ್ಟಿಲು ಹತ್ತಿದ. ಹೊಡೆಯುತ್ತಾನೆ ಎಂದುಕೊಂಡ. ಹೊಡೆಯಲಿ, ಅನ್ಯಾಯವೇನಿಲ್ಲ ಎಂದೂ ಅಂದುಕೊಂಡ. ಹತ್ತಿರ ಬಂದ ಮುದುಕ ಅವನ ಮುಖವನ್ನು, ಹಿಟ್ಟಿನ ಚೂರು ಅಂಟಿದ ಖರೇ ಮೂಗನ್ನು, ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎರಡೂ ಕೈ ಎತ್ತಿ ತನ್ನ ತಲೆಯ ರುಮಾಲು ತೆಗೆದ. ನಾಲ್ಕು ಮಂದಿಯ ಮುಂದೆ ಬರಿದಲೆಯಲ್ಲಿ ಅವನನ್ನು ಯಾರೂ ಕಂಡಿರಲಿಲ್ಲ. ಬೋಳು ಬಿಸಿಲಿಗೆ ಮಿಂಚಿತು. ಅಜರುದ್ದೀನನಿಗೆ ತಡವಾಗಿ ಅರ್ಥವಾಯಿತು: ಇದು ಆಯೇರಿ. ಅಳುಮುಖದಲ್ಲಿ ಇದ್ದಲ್ಲೇ ನಿಂತ. ಮುದುಕ ರುಮಾಲನ್ನು ಅವನ ತಲೆಗೆ ಸುತ್ತತೊಡಗಿದ, ಒಂದೊಂದು ಸುತ್ತಿಗೂ ಬಿಗಿ ನೋಡಿ, ಮದುಮಗನಿಗೆ ಸುತ್ತುವ ಹಾಗೆ. ಸುತ್ತುತ್ತಲೇ ಕಿವಿಯ ಹತ್ತಿರ, “ನನ್ನ ಮಾತ ನಿನಗ ಯಾರ ಹೇಳಿದ್ರು?” ಎಂದು ಕೇಳಿದ. ಆಯೇರಿಯಲ್ಲಿ ಮಾತಾಡಬಾರದು. ಆದರೂ ಅಜರುದ್ದೀನ ತುಟಿ ಅಲುಗಿಸದೆ, “ನಿಮ್ಮ ಮಗಳು ದಿನಾ ಹೇಳತಾಳ್ರಿ,” ಎಂದ. “ನಕ್ಕೋತ ಹೇಳತಾಳೋ, ಅತ್ಕೋತ ಹೇಳತಾಳೋ?” “ಎರಡೂರಿ.” ಮುದುಕ ಇನ್ನೊಂದು ಸುತ್ತು ಸುತ್ತಿದ. “ನಾ ಹೂಂ ಅನ್ನೂತನಕಾ ಕಾದಾಂವ ಮಗಳ್ನ ಕದ್ದ ಕಳ್ಳ ಹೆಂಗ ಆದಾನು,” ಎಂದು, ಅವನಿಗೆ ಹೇಳಿದನೋ ತನಗೇ ಹೇಳಿಕೊಂಡನೋ, ತುದಿಯನ್ನು ಒಳಗೆ ಸಿಕ್ಕಿಸಿದ.

ಮೈಕು ಹಿಡಿದು ಓಡಿಬಂದ ಬಸಲಿಂಗಯ್ಯನಿಗೆ ಇದು ಹೊಸದು. ಜೀವಮಾನದಲ್ಲಿ ಕಾಣದ್ದನ್ನು ಕಾಣುತ್ತಿದ್ದ. “ಅಲ್ಲೋ ಯಲಗೂರಪ್ಪ, ಖಳನಾಯಕಗ ಆಯೇರಿ ಇಲ್ಲಲ್ಲೋ. ಅದೂ ಸುತ್ತಿದ ರುಮಾಲ! ಹಳೇ ಅರಿವಿ ಆಯೇರಿ ಮಾಡತಾರೇನ?” ಎಂದ, ಮೈಕು ಬಾಯಿಯ ಹತ್ತಿರವೇ ಇದ್ದದ್ದರಿಂದ ಅದೂ ಎಲ್ಲರಿಗೂ ಕೇಳಿತು. ಯಲಗೂರಪ್ಪ ಮೈಕನ್ನು ಅವನ ಕೈಯಿಂದ ತೆಗೆದುಕೊಂಡ. ಹಳೆಯ ಹೀರೋ, ಮೈಕು ಹಿಡಿಯುವುದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. “ಈಗ ಇದ ಇರ್ಲಿ,” ಎಂದ. “ಹೊಸಾದು ಮದಿವ್ಯಾಗ ಸುತ್ತತೇನಿ.”

ಮೊದಲು ಕಾಖಂಡಕಿಯಿಂದ ಬಂದವರಿಗೆ ಅರ್ಥವಾಯಿತು, ಅಲ್ಲಿಂದ ಸಿಳ್ಳೆ ಎದ್ದಿತು. ಉಳಿದವರು ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು. ಹುಡುಗರು ಪರದೆಯ ಹಿಂದಿನಿಂದ ಹೊರಗೆ ಬಂದೇಬಿಟ್ಟರು, ಓಡಿಹೋಗಿದ್ದ ಮಗಳೂ ಬಂದಳು. ಅಜರುದ್ದೀನ ಅಪ್ಪನ ನಿಕಾಹದ ಶೇರವಾನಿಯಲ್ಲಿ, ಮಾವನ ರುಮಾಲಿನಲ್ಲಿ, ಕೆಂಪು ಗಡ್ಡದಲ್ಲಿ, ನಗಬಾರದು ನಗಬಾರದು ಎನ್ನುತ್ತ ಬಾಯಿ ತುಂಬ ನಗುತ್ತ ನಿಂತಿದ್ದ. ನ್ಯಾಯಾಧೀಶನ ಪಾತ್ರದ ಹುಡುಗ ಹತ್ತಿರ ಬಂದು, “ಸರ್, ಮುಂದಿನ ಸೀನಿನ್ಯಾಗ ನಿಮ್ಮ ತಲಿ ಬಗ್ಗಸಬೇಕಲ್ರಿ. ರುಮಾಲ ಸುತ್ಯಾರ, ಈಗ ಹೆಂಗ್ರಿ?” ಎಂದು ಚಿಂತೆಯಿಂದ ಕೇಳಿದ. ಕಡೆಯ ದೃಶ್ಯಕ್ಕೆ ಅವನು ಬರೆದಿಟ್ಟ ಮಾತಿನ ಪೆಟ್ಟುಗಳು ಯಾವುವೂ ಅಜರುದ್ದೀನನಿಗೆ ಆಗ ನೆನಪಿರಲಿಲ್ಲ. “ಬಗ್ಗಸೂದ ಬ್ಯಾಡ,” ಎಂದ.

ಯಲಗೂರಪ್ಪ ಮೈಕನ್ನು ಬಸಲಿಂಗಯ್ಯನಿಗೆ ಕೊಟ್ಟು ಪರದೆಯ ಕಡೆ ತಿರುಗಿದ. ಅಲ್ಲಿ ನಿರ್ಮಲಾ ಹಾಳೆಗಳಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಮುದುಕ ಒಮ್ಮೆ ಗಂಟಲು ಸರಿಮಾಡಿಕೊಂಡ. “ಉಂಡಿ ಏನವ್ವಾ?” ಎಂದ. ಕೇಳಿ, ಈ ಸಲ ಅಲ್ಲೇ ನಿಂತ.

ಹಾಳೆ ಕೆಳಗಿಳಿಯಿತು. “ಇಲ್ಲಪ್ಪಾ,” ಎಂದಳು ನಿರ್ಮಲಾ. “ಭಾಳ ಹಸ್ತೈತಿ.”

“ಹಂಗಾರ ನಾಟಕ ಲಗೂ ಮುಗಸ್ರಿ,” ಎಂದ ಯಲಗೂರಪ್ಪ.